ನೋಟರಿ ಸೀಲ್ ಎಲ್ಲಿ ಬೇಕು, ಎಲ್ಲಿ ಬೇಡ, ಎಲ್ಲಿ ಸಾಲೋದಿಲ್ಲ? ಉತ್ತರ ಬೆಂಗಳೂರಿನವರಿಗೆ ಪೂರ್ತಿ ಮಾಹಿತಿ

ಯಲಹಂಕದ ತಾಲ್ಲೂಕು ಕಚೇರಿ, ಗಂಗಾನಗರದ ಸಬ್‌ರಿಜಿಸ್ಟ್ರಾರ್ ಆಫೀಸು, ಯಶವಂತಪುರದ ಆರ್‌ಟಿಒ. ಕಚೇರಿ ಯಾವುದಾದರೂ ಇರಲಿ, ಅದರ ಸುತ್ತಮುತ್ತ ಒಂದು ಜೆರಾಕ್ಸ್ ಅಂಗಡಿ, ಒಂದು ಟೈಪಿಂಗ್ ಸೆಂಟರ್, ಇ-ಸ್ಟ್ಯಾಂಪ್ ಕೊಡುವ ಒಂದು ಸೊಸೈಟಿ, ಜೊತೆಗೆ 'ನೋಟರಿ' ಅಂತ ಬೋರ್ಡು ಇದ್ದೇ ಇರುತ್ತೆ. ಕೌಂಟರ್‌ನಲ್ಲಿ "ನೋಟರಿ ಮಾಡಿಸ್ಕೊಂಡು ಬನ್ನಿ" ಅಂದ ತಕ್ಷಣ ಜನ ಓಡ್ತಾರೆ. ಯಾಕೆ ಬೇಕು, ಅದರಿಂದ ಏನು ಸಿಗುತ್ತೆ ಅಂತ ಕೇಳುವವರು ಕಡಿಮೆ. ಕೆಲವು ಕಡೆ ಬೇಕೇ ಇಲ್ಲದ ಸೀಲ್‌ಗೆ ದುಡ್ಡು ಹೋಗುತ್ತೆ, ಅದೊಂದು ಸಣ್ಣ ನಷ್ಟ. ಇನ್ನು ಕೆಲವು ಕಡೆ ನೋಟರಿ ಆಗಿದೆ ಅನ್ನೋ ಧೈರ್ಯದಲ್ಲೇ ಲಕ್ಷಾಂತರ ರೂಪಾಯಿ ಕೈಬಿಟ್ಟು ಹೋಗುತ್ತೆ. ಈ ಲೇಖನ ಮುಖ್ಯವಾಗಿ ಈ ಎರಡನೇ ನಷ್ಟದ ಬಗ್ಗೆ.

ನೋಟರಿ ಅಂದ್ರೆ ಯಾರು?

ನೋಟರಿ ಅಂದ್ರೆ ಸರ್ಕಾರ ನೇಮಿಸಿದ ವಕೀಲರು. 1952ರ ನೋಟರಿ ಕಾಯ್ದೆ, 1956ರ ನೋಟರಿ ನಿಯಮಗಳ ಪ್ರಕಾರ ರಾಜ್ಯ ಸರ್ಕಾರವೋ ಕೇಂದ್ರ ಸರ್ಕಾರವೋ ಇವರನ್ನು ನೇಮಿಸುತ್ತೆ. ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಣ ಆಗಬೇಕು. ಯಾವ ಪ್ರದೇಶದಲ್ಲಿ ಕೆಲಸ ಮಾಡಬಹುದು ಅನ್ನೋದೂ ಅದರಲ್ಲೇ ಬರೆದಿರುತ್ತೆ. ಅಂದ್ರೆ ಕಪ್ಪು ಕೋಟು ಹಾಕಿದವರೆಲ್ಲ ನೋಟರಿ ಅಲ್ಲ, ಟೈಪಿಂಗ್ ಸೆಂಟರ್‌ನ ಹುಡುಗ ಡ್ರಾಯರ್‌ನಿಂದ ತೆಗೆದು ಒತ್ತಿದ ಸೀಲು ನೋಟರಿ ಸೀಲೂ ಅಲ್ಲ.

ಅವರ ಕೆಲಸ ಇಷ್ಟು: ನೀವು ಎದುರಿಗೆ ಬಂದು ಸಹಿ ಮಾಡಿದಿರಿ ಅಂತ ದೃಢೀಕರಿಸೋದು, ಅಫಿಡವಿಟ್‌ಗೆ ಪ್ರಮಾಣ ಮಾಡಿಸೋದು, ಮೂಲ ದಾಖಲೆ ನೋಡಿ ನಕಲು ಸರಿಯಿದೆ ಅಂತ ಬರೆಯೋದು, ಅನುವಾದ ಪರಿಶೀಲಿಸೋದು. ಪ್ರಾಮಿಸರಿ ನೋಟು, ಹುಂಡಿಗೆ ಹಣ ಬರದಿದ್ದಾಗ ಅದನ್ನು ದಾಖಲಿಸುವ ಅಧಿಕಾರವೂ ಅವರಿಗಿದೆ.

ಇದರಲ್ಲಿ ಏನಿಲ್ಲ ಅನ್ನೋದನ್ನು ಗಮನಿಸಿ. ಒಳಗೆ ಬರೆದಿರೋದು ನಿಜ ಅಂತ ನೋಟರಿ ಹೇಳೋದಿಲ್ಲ. ಮಾರುವವನಿಗೆ ಆ ಜಾಗ ಸೇರಿದ್ದೇ ಅಂತ ಹೇಳೋದಿಲ್ಲ. ಸ್ಟ್ಯಾಂಪ್ ಡ್ಯೂಟಿ ಸಾಕಷ್ಟು ಕಟ್ಟಿದೆ ಅಂತಲೂ ಹೇಳೋದಿಲ್ಲ. "ಈ ದಿನ, ಈ ವ್ಯಕ್ತಿ, ನನ್ನ ಮುಂದೆ ಸಹಿ ಹಾಕಿದರು." ಸೀಲಿನ ಅರ್ಥ ಅಷ್ಟೇ. ಆ ಅಷ್ಟಕ್ಕೇ ಅದಕ್ಕೆ ಬೆಲೆಯೂ ಇದೆ: ನಾಳೆ "ನಾನು ಸಹಿ ಮಾಡೇ ಇಲ್ಲ" ಅಂತ ಯಾರಾದರೂ ಅಂದರೆ ನೋಟರಿ ರಿಜಿಸ್ಟರ್ ನಿಮ್ಮ ನೆರವಿಗೆ ಬರುತ್ತೆ.

ನಿಜವಾಗಿ ಎಲ್ಲಿ ಬೇಕಾಗುತ್ತೆ

ನಮ್ಮ ಕಡೆ ಹೆಚ್ಚು ಜನ ನೋಟರಿ ಹತ್ತಿರ ಹೋಗೋದು ಅಫಿಡವಿಟ್‌ಗೆ. ಹೆಸರಿನಲ್ಲಿ ವ್ಯತ್ಯಾಸ ಇದರಲ್ಲಿ ಮೊದಲನೆಯದು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಶಾಲಾ ದಾಖಲೆಯಲ್ಲಿ ಹಿಂದೆ, ಪಹಣಿಯಲ್ಲಿ ಬರೀ 'ಮುನಿಯಪ್ಪ ಬಿನ್ ದೊಡ್ಡಣ್ಣ'. ಇಬ್ಬರೂ ಒಬ್ಬನೇ ಅಂತ ಹೇಳೋಕೆ ಅಫಿಡವಿಟ್ ಕೇಳ್ತಾರೆ. ಸ್ಪೆಲ್ಲಿಂಗ್ ವ್ಯತ್ಯಾಸಕ್ಕೆ ಇದು ನಡೆಯುತ್ತೆ. ಹೆಸರನ್ನೇ ಬದಲಿಸಿಕೊಳ್ಳುವವರಿಗೆ ಅಫಿಡವಿಟ್ ಒಂದೇ ಸಾಲದು, ಪತ್ರಿಕಾ ಪ್ರಕಟಣೆ, ಗೆಜೆಟ್ ಅಂತ ಮುಂದಿನ ಹಂತಗಳಿರುತ್ತವೆ. ಓದಿನ ನಡುವೆ ವರ್ಷ ತಪ್ಪಿದ್ದರೆ ಕಾಲೇಜಿನವರು ಗ್ಯಾಪ್ ಅಫಿಡವಿಟ್ ಕೇಳ್ತಾರೆ. ಮಾರ್ಕ್ಸ್ ಕಾರ್ಡ್, ಸೇಲ್ ಡೀಡ್ ಕಳೆದುಹೋದರೆ ಮೊದಲು ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ಕೊಡಿ, ಅಫಿಡವಿಟ್ ಆಮೇಲೆ.

ಗಾಡಿ ಮಾಲೀಕರು ತೀರಿಕೊಂಡಾಗ ವಾರಸುದಾರರು ಫಾರ್ಮ್ 31ರಲ್ಲಿ ಅರ್ಜಿ ಹಾಕಬೇಕು. ಯಶವಂತಪುರ (ಕೆಎ-04) ಇರಲಿ, ಯಲಹಂಕ (ಕೆಎ-50) ಇರಲಿ, ಉಳಿದ ವಾರಸುದಾರರ ಒಪ್ಪಿಗೆಗೆ ಅಫಿಡವಿಟ್ ಕೇಳೋದು ರೂಢಿ. ಪಾಲುದಾರಿಕೆಯಲ್ಲಿ ಅಂಗಡಿ ಹಾಕುವವರು ಪಾರ್ಟ್‌ನರ್‌ಶಿಪ್ ಡೀಡ್ ನೋಟರಿ ಮಾಡಿಸ್ತಾರೆ, ಬ್ಯಾಂಕಿನವರು ಕೇಳೋದರಿಂದ. ಆದರೆ ಫರ್ಮ್ ಅನ್ನು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ನೋಂದಾಯಿಸದಿದ್ದರೆ, ಕರಾರಿನ ಪ್ರಕಾರ ಬರಬೇಕಾದ ಬಾಕಿಗೆ ಫರ್ಮ್ ಹೆಸರಲ್ಲಿ ಸಿವಿಲ್ ದಾವೆ ಹೂಡೋಕಾಗಲ್ಲ. ಎಪಿಎಂಸಿ ಯಾರ್ಡ್‌ನಂಥ ಕಡೆ ಉದ್ರಿ ವ್ಯಾಪಾರ ಮಾಡುವವರು ಈ ಮಾತು ನೆನಪಿಟ್ಟುಕೊಳ್ಳಿ.

ಮಕ್ಕಳು ಹೊರದೇಶದಲ್ಲಿ ಓದ್ತಾರೆ ಅಂದ್ರೆ ಖರ್ಚು ನೋಡಿಕೊಳ್ಳುವ ಅಫಿಡವಿಟ್, ಅಪ್ಪ ಅಥವಾ ಅಮ್ಮ ಒಬ್ಬರ ಜೊತೆ ಮಗು ಪ್ರಯಾಣ ಮಾಡುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ, ಅನುವಾದದ ದೃಢೀಕರಣ ಬೇಕಾಗಬಹುದು. ಡಿಗ್ರಿ ಸರ್ಟಿಫಿಕೇಟ್‌ಗೆ ಮಾತ್ರ ನೋಟರಿ ಸೀಲ್ ಒಂದೇ ಸಾಕು ಅಂದ್ಕೋಬೇಡಿ. ಭಾರತ 2005ರಲ್ಲಿ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದೆ. ಆ ಒಪ್ಪಂದದಲ್ಲಿರುವ ದೇಶಗಳಿಗೆ ರಾಜ್ಯ ಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಬೇಕು. ಒಪ್ಪಂದದಲ್ಲಿ ಇಲ್ಲದ ದೇಶಗಳಿಗೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕು.

ವಂಶವೃಕ್ಷದ ಅಫಿಡವಿಟ್: ಇಲ್ಲಿ ಸ್ವಲ್ಪ ನಿಲ್ಲಿ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೋ, ಮನೆ ಖಾತಾ ಬದಲಾವಣೆಗೋ ನಾಡಕಚೇರಿಯಲ್ಲಿ ವಂಶವೃಕ್ಷ ಬೇಕು. ಅದಕ್ಕೆ ಕುಟುಂಬದ ಸದಸ್ಯರೆಲ್ಲರ ಹೆಸರು ಬರೆದ ನೋಟರಿ ಅಫಿಡವಿಟ್ ಕೊಡಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಕಡೆ ಜಮೀನಿನ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. ಜೊತೆಗೇ ಇನ್ನೊಂದೂ ಆಯ್ತು: ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅಫಿಡವಿಟ್‌ನಿಂದ ಮಾಯವಾಗೋದು.

"ಅವಳಿಗೆ ಆಗಲೇ ಕೊಟ್ಟಿದ್ದೀವಿ, ಸುಮ್ನೆ ಯಾಕೆ ಬರೆಯೋದು" ಅಂತ ಅಣ್ಣತಮ್ಮಂದಿರು ಬಿಟ್ಟುಬಿಡ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಲಿ ಬಿಡಲಿ, ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಹೆಸರು ಬಿಟ್ಟು ಖಾತೆ ಮಾಡಿಸಿ ಮಾರಿದರೆ, ಆಮೇಲೆ ತಂಗಿ ಪಾಲಿನ ದಾವೆ ಹಾಕಿದಾಗ ಸಿಕ್ಕಿಹಾಕಿಕೊಳ್ಳೋದು ಅಣ್ಣಂದಿರು ಮಾತ್ರ ಅಲ್ಲ, ಸಾಲ ಮಾಡಿ ಸೈಟು ಕೊಂಡವರೂ ಹೌದು. ಸುಳ್ಳು ಪ್ರಮಾಣ ಮಾಡಿದ್ದು ಬೇರೆ ಅಪರಾಧ. ಆ ಹೊಣೆ ಸಹಿ ಮಾಡಿದವರದು, ನೋಟರಿಯದಲ್ಲ.

ಹಾಗಾದ್ರೆ ತಂಗಿ ನಿಜವಾಗಿಯೂ ಒಪ್ಪಿ ಬಿಟ್ಟುಕೊಟ್ಟರೆ? ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದರೆ ಸಾಲದು. ಹಕ್ಕು ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕು.

ಸೈಟು, ಜಿಪಿಎ ಮತ್ತು 'ಸೆಟ್' ಕಾಗದ

ಥಣಿಸಂದ್ರ, ಕೋಗಿಲು, ಬಾಗಲೂರು ಕಡೆಯ ರೆವೆನ್ಯೂ ಸೈಟುಗಳಲ್ಲಿ ಒಂದು ಪದ್ಧತಿ ಬಹಳ ವರ್ಷ ನಡೆದಿದೆ. ನೋಂದಣಿ ಆಗದ ಸೈಟಿಗೆ ಒಂದು ಕರಾರುಪತ್ರ, ಒಂದು ಜಿಪಿಎ, ಒಂದು ಅಫಿಡವಿಟ್, ಕೆಲವೊಮ್ಮೆ ಒಂದು ವಿಲ್. ಎಲ್ಲದಕ್ಕೂ ನೋಟರಿ ಸೀಲು, ಎಲ್ಲ ಸೇರಿ ಒಂದು 'ಸೆಟ್'. ಕೊಂಡವರು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರ್ತಾರೆ.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ: ಕರಾರು, ಜಿಪಿಎ, ವಿಲ್ ಸೇರಿಸಿ ಮಾಡುವ ಇಂಥ ವ್ಯವಹಾರದಿಂದ ಸ್ಥಿರಾಸ್ತಿಯ ಮಾಲೀಕತ್ವ ವರ್ಗಾವಣೆ ಆಗೋದಿಲ್ಲ. ನೋಂದಣಿ ಆದ ಕ್ರಯಪತ್ರವೇ ಬೇಕು. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ವರ್ಗಾವಣೆಗೆ ನೋಂದಣಿ ಕಡ್ಡಾಯ. ಇವತ್ತು 100 ರೂಪಾಯಿಗೆ ಒಂದು ಇಂಚು ಜಾಗವೂ ಬರಲ್ಲ, ಆದ್ದರಿಂದ ಎಲ್ಲದಕ್ಕೂ ಅಂತಲೇ ಓದಿಕೊಳ್ಳಿ.

ಇನ್ನೂ ಒಂದು ಅಪಾಯ ಇದೆ. ನೋಟರಿ ಕಾಗದ ಇ.ಸಿ.ಯಲ್ಲಿ ಕಾಣೋದಿಲ್ಲ. ಇ.ಸಿ.ಯಲ್ಲಿ ಬರೋದು ಸಬ್‌ರಿಜಿಸ್ಟ್ರಾರ್ ಹತ್ತಿರ ದಾಖಲಾದದ್ದು ಮಾತ್ರ. ಅಂದ್ರೆ ಮಾರಿದವನು ಅದೇ ಸೈಟನ್ನು ಮುಂದಿನ ತಿಂಗಳು ಇನ್ನೊಬ್ಬರಿಗೆ ಅದೇ ಥರ ಸೆಟ್ ಮಾಡಿಕೊಟ್ಟರೆ ನಿಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೇ ಮುಗಿದುಹೋಗುತ್ತೆ. ಇಂಥ ಕಾಗದ ಕೈಯಲ್ಲಿದ್ದು, ಬರೆದುಕೊಟ್ಟವರು ಇನ್ನೂ ಬದುಕಿದ್ದರೆ ತಡ ಮಾಡಬೇಡಿ. ಆಸ್ತಿ ವ್ಯವಹಾರ ನೋಡುವ ವಕೀಲರಿಗೆ ತೋರಿಸಿ, ನೋಂದಣಿಗೆ ದಾರಿ ಇದೆಯಾ ಅಂತ ಕೇಳಿ.

ಹೊರದೇಶದಲ್ಲಿರುವ ಅಣ್ಣನ ಪರವಾಗಿ ಇಲ್ಲಿ ನೀವು ನೋಂದಣಿ ಮಾಡಿಸಬೇಕು ಅನ್ನೋ ಸಂದರ್ಭ ಬೇರೆ. ಅಲ್ಲಿನ ನೋಟರಿ ಅಥವಾ ಭಾರತೀಯ ರಾಯಭಾರ ಕಚೇರಿಯ ಮುಂದೆ ಮಾಡಿದ ಪವರ್ ಆಫ್ ಅಟಾರ್ನಿ ನಡೆಯುತ್ತೆ. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಅದೇ ಅಣ್ಣ ಭಾರತದಲ್ಲೇ ಇದ್ದರೆ, ಅವರ ಪರವಾಗಿ ನೀವು ದಾಖಲೆ ನೋಂದಣಿಗೆ ಹಾಜರುಪಡಿಸಲು ಅಟಾರ್ನಿ ಪತ್ರ ಸಬ್‌ರಿಜಿಸ್ಟ್ರಾರ್ ಮುಂದೆಯೇ ದೃಢೀಕರಣ ಆಗಬೇಕು, ನೋಟರಿ ಸಾಲದು. ಮುಂಬೈನಲ್ಲಿರುವ ಅಕ್ಕನಿಂದ ನೋಟರಿ ಜಿಪಿಎ ತರಿಸಿ, ನೋಂದಣಿ ದಿನ ವಾಪಸ್ ಬರಬೇಕಾಗೋದು ಇದರಿಂದಲೇ.

ಅಂಗಡಿ ಬಾಡಿಗೆ, ಮನೆ ಲೀಸ್

ಮನೆ ಬಾಡಿಗೆ ಕರಾರು 11 ತಿಂಗಳಿಗೆ ಯಾಕೆ ಅಂತ ಅನೇಕರಿಗೆ ಗೊತ್ತಿಲ್ಲ. ಒಂದು ವರ್ಷ ಮೀರಿದ ಬಾಡಿಗೆ, ಲೀಸ್ ಕರಾರು ನೋಂದಣಿ ಆಗಲೇಬೇಕು. ಅದನ್ನು ತಪ್ಪಿಸೋಕೆ 11 ತಿಂಗಳು. ಈ 11 ತಿಂಗಳ ಕರಾರಿಗೆ ನೋಟರಿ ಕಡ್ಡಾಯ ಅಲ್ಲ, ಮಾಡಿಸಿದರೆ ಸಹಿಗೆ ಬಲ ಬರುತ್ತೆ ಅಷ್ಟೇ. ಸ್ಟ್ಯಾಂಪ್ ಡ್ಯೂಟಿ ಬಾಡಿಗೆ, ಅಡ್ವಾನ್ಸ್ ಲೆಕ್ಕದ ಮೇಲೆ ಸರಿಯಾಗಿರಲಿ.

ತೊಂದರೆ ಇರೋದು ಅಂಗಡಿಗಳಲ್ಲಿ. ಆರ್.ಟಿ. ನಗರ ಮುಖ್ಯರಸ್ತೆಯಲ್ಲೋ ಯಲಹಂಕ ನ್ಯೂ ಟೌನ್‌ನಲ್ಲೋ ಅಂಗಡಿ ಹಿಡಿದು, 5 ವರ್ಷದ ಕರಾರು ಬರೆಸಿ, ನೋಟರಿ ಮಾಡಿಸಿ, ಶಟರ್, ರ‍್ಯಾಕ್, ಎಸಿ ಅಂತ ಲಕ್ಷಗಟ್ಟಲೆ ಹಾಕ್ತೀರಿ ಅಂದ್ಕೊಳ್ಳಿ. ಎರಡನೇ ವರ್ಷ ಓನರ್ "ಖಾಲಿ ಮಾಡಿ" ಅಂದರೆ ಆ 5 ವರ್ಷದ ಷರತ್ತನ್ನು ಹಿಡಿದು ವಾದ ಮಾಡೋಕೆ ನೋಂದಣಿ ಆಗದ ಕಾಗದ ನೆರವಾಗೋದಿಲ್ಲ. ಕಾನೂನಿನ ಕಣ್ಣಲ್ಲಿ ನೀವು ಸಾಮಾನ್ಯವಾಗಿ ತಿಂಗಳ ಬಾಡಿಗೆದಾರ, 15 ದಿನದ ನೋಟಿಸ್ ಸಾಕು. ನೋಂದಣಿ ಖರ್ಚು ಜಾಸ್ತಿ ಅಂತ ಇಬ್ಬರೂ ಬಿಡ್ತಾರೆ, ಆದರೆ ಅದರಿಂದ ಅಪಾಯ ಬಾಡಿಗೆದಾರನಿಗೆ ಮಾತ್ರ. ಒಳಗಿನ ಕೆಲಸಕ್ಕೆ ದೊಡ್ಡ ಮೊತ್ತ ಹಾಕುವವರು ನೋಂದಣಿ ಖರ್ಚನ್ನೂ ಆ ಬಜೆಟ್‌ನಲ್ಲೇ ಸೇರಿಸಿಕೊಳ್ಳೋದು ಒಳ್ಳೇದು.

ಮನೆ ಲೀಸ್ ಇನ್ನೂ ಸೂಕ್ಷ್ಮ. ಭೋಗ್ಯ ಅಂತ 10 ಲಕ್ಷ, 15 ಲಕ್ಷ ಒಟ್ಟಿಗೆ ಕೊಟ್ಟು 3 ವರ್ಷ ಬಾಡಿಗೆ ಇಲ್ಲದೆ ಇರೋದು ನಮ್ಮ ಏರಿಯಾಗಳಲ್ಲಿ ಸಾಮಾನ್ಯ. ಕೈಯಲ್ಲಿರೋದು ಒಂದು ನೋಟರಿ ಕರಾರು. ಆ ಮನೆ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ, ಬ್ಯಾಂಕಿನವರು ಬಂದು ಬೀಗ ಹಾಕುವಾಗ ನಿಮ್ಮ ಕಾಗದ ಅವರನ್ನು ತಡೆಯೋದು ಕಷ್ಟ. ಇನ್ನೊಂದು ಮೋಸ: ಮಧ್ಯದವನು ಓನರ್‌ನಿಂದ ಬಾಡಿಗೆಗೆ ಪಡೆದು, ನಿಮಗೆ ಲೀಸ್‌ಗೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಮಾಯವಾಗೋದು. ಆ ಕರಾರಿಗೂ ನೋಟರಿ ಸೀಲ್ ಇರುತ್ತೆ, ಸಹಿ ಮಾಡಿದವನು ಮಾಡಿದ್ದು ನಿಜ ತಾನೇ! ಹಣ ಕೊಡುವ ಮುಂಚೆ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. ತೆಗೆಸಿ, ಖಾತೆದಾರರನ್ನು ಮುಖತಃ ನೋಡಿ, ಹಣ ಅವರ ಬ್ಯಾಂಕ್ ಖಾತೆಗೇ ಹಾಕಿ, ಕರಾರನ್ನು ನೋಂದಣಿ ಮಾಡಿಸಿ. ಒಪ್ಪಲ್ಲ ಅಂದರೆ ಬೇರೆ ಮನೆ ನೋಡಿ.

ವಿಲ್, ಮದುವೆ, ವಿಚ್ಛೇದನ

ವಿಲ್‌ಗೆ ನೋಟರಿಯೂ ಕಡ್ಡಾಯ ಅಲ್ಲ, ನೋಂದಣಿಯೂ ಕಡ್ಡಾಯ ಅಲ್ಲ. ಕಡ್ಡಾಯ ಇರೋದು ಇಬ್ಬರು ಸಾಕ್ಷಿಗಳ ಸಹಿ. ನೋಟರಿ ಸೀಲ್ ಹಾಕಿಸಿ ಸಾಕ್ಷಿ ಸಹಿ ಬಿಟ್ಟರೆ ಆ ವಿಲ್ ನಿಲ್ಲೋದಿಲ್ಲ. ಸಾಧ್ಯವಾದರೆ ನೋಂದಣಿ ಮಾಡಿಸಿ, ಆಮೇಲೆ ಜಗಳ ಕಡಿಮೆ.

ನೋಟರಿ ಮುಂದೆ ಮದುವೆ ಆಗೋದಿಲ್ಲ, ವಿಚ್ಛೇದನವೂ ಆಗೋದಿಲ್ಲ. ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ನೋಟರಿಗಳಿಗೇ ಇದನ್ನು ಮತ್ತೆ ನೆನಪಿಸಿತು. "ಬಾಂಡ್ ಪೇಪರ್‌ನಲ್ಲಿ ಬರೆದುಕೊಟ್ಟು ಬಿಟ್ಟಿದ್ದೀನಿ" ಅಂತ ಎರಡನೇ ಮದುವೆಗೆ ಹೊರಟವರ ಬಗ್ಗೆ ಮನೆಯವರು ಎಚ್ಚರವಾಗಿರಬೇಕು.

ಬೇಡದ ಕಡೆ ದುಡ್ಡು ಕೊಡಬೇಡಿ

ಪಾಸ್‌ಪೋರ್ಟ್ ಅರ್ಜಿಯ ಅನೆಕ್ಷರ್‌ಗಳಿಗೆ 2016ರ ಡಿಸೆಂಬರ್‌ನಿಂದ ನೋಟರಿ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಸ್ವಯಂ ಘೋಷಣೆ ಸಾಕು. ಪಿಂಚಣಿದಾರರಿಗೆ ಜೀವನ್ ಪ್ರಮಾಣ್ ಮೂಲಕ ಡಿಜಿಟಲ್ ಜೀವಂತ ಪ್ರಮಾಣಪತ್ರ ಸಿಗುತ್ತೆ. ಅನೇಕ ಸರ್ಕಾರಿ ಅರ್ಜಿಗಳಿಗೆ ಜೆರಾಕ್ಸ್ ಮೇಲೆ ನಿಮ್ಮದೇ ಸಹಿ ನಡೆಯುತ್ತೆ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅಂತ ನಾಮಿನಿಯನ್ನು ಅಲೆಸಬಾರದು ಅನ್ನೋದು ರಿಸರ್ವ್ ಬ್ಯಾಂಕ್ ಸೂಚನೆ. ಕೌಂಟರ್‌ನಲ್ಲಿ ನೋಟರಿ ಕೇಳಿದರೆ "ಯಾವ ನಿಯಮದಲ್ಲಿದೆ, ಬರೆದುಕೊಡಿ" ಅಂತ ಒಮ್ಮೆ ವಿನಯವಾಗಿ ಕೇಳಿ ನೋಡಿ. ಕೆಲವು ಸಲ ಅಷ್ಟಕ್ಕೇ ಅರ್ಜಿ ಮುಂದೆ ಹೋಗುತ್ತೆ.

ಹೋಗುವಾಗ ಗಮನದಲ್ಲಿರಲಿ

ಸ್ಟ್ಯಾಂಪ್ ಪೇಪರ್ ಮೊದಲು. ತೆಲಗಿ ನಕಲಿ ಛಾಪಾ ಕಾಗದ ಹಗರಣದ ನಂತರ ನಮ್ಮಲ್ಲಿ ಇ-ಸ್ಟ್ಯಾಂಪ್ ಬಂತು. ಅದರ ಮೇಲಿನ ನಂಬರ್ ಹಾಕಿ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ವೆಬ್‌ಸೈಟಿನಲ್ಲಿ ಅಸಲಿಯೋ ನಕಲಿಯೋ ನೋಡಬಹುದು. ಅಫಿಡವಿಟ್ ಡ್ಯೂಟಿ 2024ರ ಫೆಬ್ರವರಿಯಿಂದ 20 ರೂಪಾಯಿಯಿಂದ 100 ರೂಪಾಯಿಗೆ ಏರಿದೆ. ಡ್ಯೂಟಿ ಕಡಿಮೆ ಕಟ್ಟಿದ ಕರಾರನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳೋದಿಲ್ಲ. ತೆಗೆದುಕೊಳ್ಳಬೇಕಾದರೆ ಬಾಕಿಯ ಜೊತೆ 10 ಪಟ್ಟು ದಂಡ ಕಟ್ಟಬೇಕು. ನೋಟರಿ ಸೀಲ್ ಈ ಕೊರತೆಯನ್ನು ತುಂಬೋದಿಲ್ಲ.

ವಿಳಾಸ ಬರೆಸುವಾಗಲೂ ಹುಷಾರು. 'ಬೆಂಗಳೂರು ಉತ್ತರ' ಅನ್ನೋ ಹೆಸರು ಈಗ ಮೂರು ಕಡೆ ಓಡಾಡ್ತಿದೆ. ಬೆಂಗಳೂರು ಉತ್ತರ ತಾಲ್ಲೂಕು ಮೊದಲಿಂದ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಾಗ ಉತ್ತರ ನಗರ ಪಾಲಿಕೆ ಬಂತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡೋಕೆ ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿತು. ಯಲಹಂಕ ಮಾತ್ರ ಬೆಂಗಳೂರು ನಗರ ಜಿಲ್ಲೆಯ ಪ್ರತ್ಯೇಕ ತಾಲ್ಲೂಕು. ಟೈಪ್ ಮಾಡುವವರ ಅಂದಾಜಿಗೆ ಬಿಡದೆ, ನಿಮ್ಮ ಖಾತಾ ಅಥವಾ ಪಹಣಿಯಲ್ಲಿ ಇದ್ದಂತೆಯೇ ಬರೆಸಿ.

ನೋಟರಿ ಮುಂದೆ ನೀವೇ ಹೋಗಬೇಕು, ಗುರುತಿನ ಚೀಟಿಯ ಅಸಲಿ ಒಯ್ಯಬೇಕು. "ನೀವು ಬರೋದು ಬೇಡ, ಸಹಿ ಮಾಡಿ ಕಳಿಸಿ" ಅಂದರೆ ಅಲ್ಲಿ ಮಾಡಿಸಬೇಡಿ. ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಹಾಕಬೇಡಿ, ಎಲ್ಲ ಪುಟಕ್ಕೂ ಸಹಿ ಮಾಡಿ. ಕಾಗದ ಇಂಗ್ಲಿಷಿನಲ್ಲಿದ್ದು ಮನೆಯ ಹಿರಿಯರು ಹೆಬ್ಬೆಟ್ಟು ಒತ್ತುವುದಾದರೆ, ಕನ್ನಡದಲ್ಲಿ ಓದಿ ಹೇಳಲಾಗಿದೆ ಅಂತ ಅದರಲ್ಲೇ ಬರೆಸಿ. ಅದಕ್ಕಿಂತ ಕನ್ನಡದಲ್ಲೇ ಟೈಪ್ ಮಾಡಿಸೋದು ಇನ್ನೂ ಉತ್ತಮ. ದುಂಡನೆ ಸೀಲಿನಲ್ಲಿ ನೋಟರಿಯ ಹೆಸರು, ಕಾರ್ಯವ್ಯಾಪ್ತಿ, ನೇಮಿಸಿದ ಸರ್ಕಾರ ಇರಬೇಕು. ಅವರ ರಿಜಿಸ್ಟರ್‌ನಲ್ಲಿ ನಿಮ್ಮ ಕಾಗದದ ದಾಖಲೆ ಆಗಿ, ಅದರ ಕ್ರಮಸಂಖ್ಯೆ ಕಾಗದದ ಮೇಲೂ ಬರಬೇಕು. ಹತ್ತು ವರ್ಷದ ಮೇಲೆ ತಕರಾರು ಬಂದರೆ ಹುಡುಕೋದು ಆ ನಂಬರನ್ನೇ.

ಶುಲ್ಕ ನಿಯಮದಲ್ಲೇ ನಿಗದಿಯಾಗಿದೆ. ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕು, ಪಡೆದ ಹಣಕ್ಕೆ ರಸೀದಿ ಕೊಡಬೇಕು. ಟೈಪಿಂಗ್, ಸ್ಟ್ಯಾಂಪ್ ಪೇಪರ್, ಡ್ರಾಫ್ಟಿಂಗ್, ನೋಟರಿ ಎಲ್ಲ ಸೇರಿಸಿ ಒಂದೇ ರೇಟು ಹೇಳಿದರೆ ಬಿಡಿಸಿ ಕೇಳಿ. ಹಾಸಿಗೆ ಹಿಡಿದವರಿದ್ದರೆ ನೋಟರಿಯನ್ನು ಮನೆಗೇ ಕರೆಸಬಹುದು, ಅದಕ್ಕೆ ಪ್ರಯಾಣ ಭತ್ಯೆ ಪಡೆಯಲು ನಿಯಮದಲ್ಲಿ ಅವಕಾಶ ಇದೆ.

ಎದುರಿಗಿಲ್ಲದವರ ಸಹಿಗೆ ಸೀಲ್ ಹಾಕಿದ್ದು ಗೊತ್ತಾದರೆ, ರಾಜ್ಯ ಸರ್ಕಾರ ನೇಮಿಸಿದ ನೋಟರಿ ಆಗಿದ್ದಲ್ಲಿ ರಾಜ್ಯ ಕಾನೂನು ಇಲಾಖೆಗೆ, ಕೇಂದ್ರ ನೇಮಿಸಿದವರಾಗಿದ್ದಲ್ಲಿ ಕೇಂದ್ರ ಕಾನೂನು ಸಚಿವಾಲಯದ ಕಾನೂನು ವ್ಯವಹಾರಗಳ ಇಲಾಖೆಗೆ ದೂರು ಕೊಡಬಹುದು. ಯಾರ ನೇಮಕ ಅನ್ನೋದು ಸೀಲಿನಲ್ಲೇ ಇರುತ್ತೆ. ದೂರಿನ ಜೊತೆ ಆ ಕಾಗದದ ನಕಲು, ಅದರ ಮೇಲಿನ ನೋಟರಿ ಕ್ರಮಸಂಖ್ಯೆ, ತಾರೀಖು ಮತ್ತು ಕೊಟ್ಟಿದ್ದರೆ ರಸೀದಿ ಲಗತ್ತಿಸಿ.